ಮಕ್ಕಳಿಗೆ ನನ್ನ ಹೊಳೆ ತೋರಿಸಿದ ದಿನ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಈಜು ಕಲಿತ ಹೊಳೆಗೆ ನನ್ನ ಮಕ್ಕಳನ್ನು ಮೊದಲ ಸಲ ಕರೆದುಕೊಂಡು ಹೋದಾಗ ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಆರು. ದಾರಿಯುದ್ದಕ್ಕೂ ಮಾತಾಡಿದ್ದು ನಾನೊಬ್ಬಳೇ. ಅಲ್ಲೊಂದು ಚಪ್ಪಟೆ ಬಂಡೆ ಇದೆ, ಅದರ ಮೇಲಿಂದ ಮಡುವಿಗೆ ಧುಮುಕುತ್ತಿದ್ದೆವು, ನೀವೂ ನೋಡುವಿರಂತೆ ಅಂತ.

ಹೋಗಿ ನೋಡಿದರೆ ಬಂಡೆ ಅರ್ಧಕ್ಕರ್ಧ ಮರಳಲ್ಲಿ ಹೂತುಹೋಗಿತ್ತು. ಮಡುವಿದ್ದ ಕಡೆ ಪಾದ ಮುಳುಗುವಷ್ಟು ನೀರು. ಹೊಳೆ ಎದುರು ದಡವನ್ನು ಕೊರೆದುಕೊಂಡು ಆ ಕಡೆಗೆ ಸರಿದುಬಿಟ್ಟಿತ್ತು. ನನಗೆ ಗಂಟಲು ಕಟ್ಟಿತು. ಮಕ್ಕಳು ಅಷ್ಟರಲ್ಲಿ ಚಪ್ಪಲಿ ಬಿಟ್ಟು ಮರಳಿಗೆ ಓಡಿದ್ದರು.

"ಅಮ್ಮಾ, ಹೊಳೆ ಯಾಕೆ ಆ ಕಡೆ ಹೋಯ್ತು?" ಅಂದಳು ಮಗಳು.

ಇದಕ್ಕೆ ಉತ್ತರ ಒಂದು ಲೋಟದಲ್ಲಿದೆ. ಲೋಟಕ್ಕೆ ನೀರು ತುಂಬಿ, ಚಿಟಿಕೆ ಮರಳು ಹಾಕಿ, ಕಡ್ಡಿಯಿಂದ ಗರಗರ ತಿರುಗಿಸಿ ಬಿಟ್ಟುಬಿಡಿ. ಮರಳು ಅಂಚಿಗೆ ಹೋಗಬೇಕು ಅನ್ನಿಸುತ್ತದೆ, ಅಲ್ವಾ? ಆದರೆ ಅದು ತಳದ ನಡುವೆ ಗುಡ್ಡೆಯಾಗಿ ಕೂರುತ್ತದೆ. ತಳಕ್ಕೆ ಉಜ್ಜುವ ನೀರು ನಿಧಾನವಾಗುತ್ತದೆ, ಹಾಗಾಗಿ ಅದು ಹೊರಗೆ ಹೋಗದೆ ಒಳಕ್ಕೆ ಜಾರುತ್ತದೆ, ಜೊತೆಗೆ ಮರಳನ್ನೂ ಎಳೆದು ತರುತ್ತದೆ. ಹೊಳೆಯ ತಿರುವಿನಲ್ಲೂ ನಡೆಯುವುದು ಇದೇ. ಮೇಲಿನ ನೀರು ರಭಸದಿಂದ ಹೊರದಡಕ್ಕೆ ಬಡಿದು ಅದನ್ನು ಕೊರೆಯುತ್ತದೆ, ತಳದ ನೀರು ಒಳದಡದಲ್ಲಿ ಮರಳು ಸುರಿಯುತ್ತದೆ. 1926ರಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ನದಿಗಳ ಬಳುಕಿನ ಬಗ್ಗೆ ಬರೆಯುವಾಗ, ಬಟ್ಟಲಿನ ತಳದಲ್ಲಿ ಗುಡ್ಡೆಯಾಗುವ ಚಹಾ ಎಲೆಗಳಿಂದಲೇ ಇದನ್ನು ವಿವರಿಸಿದ್ದರು. ನನ್ನ ಮಗಳು ಆ ದಿನ ಹನ್ನೆರಡು ಸಲ ಲೋಟ ತಿರುಗಿಸಿದಳು. ಆಮೇಲೆ ಹೊಳೆಯ ಕಡೆ ಕೈ ತೋರಿಸಿ, "ಹಾಗಾದ್ರೆ ಅಲ್ಲಿ ಆಳ, ಇಲ್ಲಿ ಆಳ ಇಲ್ಲ" ಅಂದಳು. ಈಜು ಕಲಿಯುವ ಮೊದಲೇ ಮಗುವಿಗೆ ಇದು ಗೊತ್ತಿರಬೇಕು ಅಂತ ನನ್ನ ಗಟ್ಟಿ ನಂಬಿಕೆ.

ಯಾಕೆಂದರೆ, ಬರೀ ಪ್ರೀತಿ ನಂಬಿಕೊಂಡು ಮಕ್ಕಳನ್ನು ನೀರಿಗೆ ಇಳಿಸುವ ಹಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2021ರಲ್ಲಿ ಪ್ರಪಂಚದಲ್ಲಿ ಸುಮಾರು 3 ಲಕ್ಷ ಜನ ನೀರಲ್ಲಿ ಮುಳುಗಿ ಸತ್ತರು. ಅವರಲ್ಲಿ ಮಕ್ಕಳು ಬಹಳ. ಮುಳುಗುವ ಮಗು ಕಿರುಚುತ್ತದೆ, ಕೈ ಬೀಸುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಎಷ್ಟೋ ಸಲ ಸದ್ದೇ ಇರುವುದಿಲ್ಲ. ಉಸಿರಿಗೇ ಒದ್ದಾಡುವ ಬಾಯಿ ಕೂಗುವುದು ಹೇಗೆ? ನೀರಿನ ವೇಗ ಎರಡು ಪಟ್ಟಾದರೆ ಅದು ಕಾಲನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ನಿನ್ನೆ ನಿಂತಿದ್ದ ಜಾಗದಲ್ಲೇ ಇವತ್ತು ಕಾಲು ತಪ್ಪಬಹುದು. ತಿಳಿಯಾಗಿದ್ದ ನೀರು ಇದ್ದಕ್ಕಿದ್ದಂತೆ ಕೆಂಪಾಗಿ, ಕಸಕಡ್ಡಿ ತೇಲಿ ಬರತೊಡಗಿದರೆ ಮೇಲೆಲ್ಲೋ ಮಳೆಯಾಗಿದೆ ಅಂತ ಅರ್ಥ. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ತಕ್ಷಣ ದಡ ಹತ್ತಬೇಕು. ಮಕ್ಕಳು ನೀರಲ್ಲಿರುವಷ್ಟು ಹೊತ್ತು ನಾನು ಕೈಗೆಟುಕುವ ದೂರದಲ್ಲೇ ಇರುತ್ತೇನೆ. ಫೋನ್ ಚೀಲದಲ್ಲಿರುತ್ತದೆ.

ಆ ದಿನ ಇನ್ನೊಂದು ಸಂಗತಿ ನನ್ನನ್ನು ತುಂಬಾ ಕಾಡಿತು. ದಡದ ಪೊದೆಗಳಲ್ಲಿ ಪ್ಲಾಸ್ಟಿಕ್ ಚೀಲಗಳು ಸಿಕ್ಕಿಕೊಂಡು ಜೋತಾಡುತ್ತಿದ್ದವು. ನನಗೆ ಸಂಕಟ. ಮಗ ಅವನ್ನು ಎಲೆಗಳನ್ನು ನೋಡುವ ಹಾಗೆ ಸುಮ್ನೆ ನೋಡಿ ಮುಂದೆ ಹೋದ. ಮೀನು ವಿಜ್ಞಾನಿ ಡೇನಿಯಲ್ ಪಾಲಿ 1995ರಲ್ಲೇ ಹೇಳಿದ್ದರು, ಪ್ರತಿ ತಲೆಮಾರಿನ ವಿಜ್ಞಾನಿಗಳೂ ತಾವು ಕೆಲಸ ಶುರು ಮಾಡಿದಾಗ ಇದ್ದ ಮೀನುಗಳನ್ನೇ ಸಹಜ ಲೆಕ್ಕ ಅಂದುಕೊಳ್ಳುತ್ತಾರೆ, ಅದಕ್ಕೂ ಮೊದಲು ಎಷ್ಟಿತ್ತು ಎನ್ನುವುದು ಮರೆತೇಹೋಗುತ್ತದೆ ಅಂತ. ನನ್ನ ಮಗನಿಗೆ ಹೊಳೆ ಅಂದರೆ ಚೀಲ ಜೋತಾಡುವ ಹೊಳೆಯೇ. ಹಾಗಲ್ಲ ಅಂತ ಹೇಳಬೇಕಾದವಳು ನಾನೇ. ಹೇಳಿದೆ ಕೂಡ. ಸ್ವಲ್ಪ ಜಾಸ್ತಿಯೇ ಹೇಳಿದೆ ಅಂತ ಕಾಣುತ್ತದೆ. ಮಗಳು ಮೆಲ್ಲಗೆ ಕೈ ಹಿಡಿದು, "ಅಮ್ಮಾ, ಈಗ ಇರೋದನ್ನ ನೋಡೋಣ್ವಾ?" ಅಂದಳು.

ನೋಡಿದೆವು. ಅವಳೇ ಒಂದು ಕಲ್ಲು ಮಗುಚಿದಳು. ಅಡಿಯಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ಉದ್ದದ ಕೊಳವೆಗಳು, ಪೂರ್ತಿ ಮರಳಿನ ಕಣಗಳಿಂದ ಕಟ್ಟಿದ್ದು. ಒಳಗೊಂದು ಪುಟ್ಟ ಹುಳ. ಬಾಯಿಂದ ರೇಷ್ಮೆಯಂಥ ನೂಲು ತೆಗೆದು, ಕಣಕ್ಕೆ ಕಣ ಅಂಟಿಸಿ ಅದು ಮನೆ ಕಟ್ಟಿಕೊಳ್ಳುತ್ತದೆ. ದೊಡ್ಡದಾದ ಮೇಲೆ ರೆಕ್ಕೆ ಬಂದು ಹಾರಿಹೋಗುತ್ತದೆ. ಈ ಜಾತಿಯ ಹೆಚ್ಚಿನ ಹುಳಗಳು ಕೊಳಕು ನೀರಲ್ಲಿ ಬದುಕುವುದಿಲ್ಲ. ನೀರು ಎಷ್ಟು ಚೊಕ್ಕವಾಗಿದೆ ಅಂತ ತಿಳಿಯಲು ವಿಜ್ಞಾನಿಗಳು ಇವನ್ನು ಹುಡುಕುತ್ತಾರೆ. ಚಿಕ್ಕವಳಿದ್ದಾಗ ನಾನು ಒಂದು ದಿನವೂ ಆ ಕಲ್ಲುಗಳನ್ನು ಮಗುಚಿ ನೋಡಿರಲಿಲ್ಲ. ನನ್ನ ಹೊಳೆಯಲ್ಲಿ ನನಗೇ ಗೊತ್ತಿಲ್ಲದ ಒಂದು ಊರನ್ನು ಮಗಳು ತೋರಿಸಿದಳು. ನೋಡಿ ಆದ ಮೇಲೆ ಕಲ್ಲನ್ನು ಮೊದಲಿದ್ದ ಹಾಗೇ ಮಗುಚಿ ಇಟ್ಟಳು.

ಹೊರಡುವಾಗ ಮಗ ಕೇಳಿದ, "ಅಮ್ಮಾ, ನಿನ್ನ ಬಂಡೆ ಮತ್ತೆ ಮೇಲೆ ಬರುತ್ತಾ?"

ದೊಡ್ಡ ನೆರೆ ಬಂದು ಮರಳು ಕೊಚ್ಚಿಹೋದರೆ ಬರಬಹುದು ಅಂದೆ.

"ಹಾಗಾದ್ರೆ ಬಂದು ನೋಡ್ತಾ ಇರ್ಬೇಕು" ಅಂದ.

ಅದಾದ ಮೇಲೆ ನಾಲ್ಕು ಸಲ ಹೋಗಿ ಬಂದಿದ್ದೇವೆ. ಮೊನ್ನೆ ಹೋದಾಗ ಬಂಡೆ ಒಂದು ಹೆಬ್ಬೆರಳಿನಷ್ಟು ಜಾಸ್ತಿ ಕಾಣುತ್ತಿದೆ ಅಂತ ಮಗ ಹಟ ಹಿಡಿದಿದ್ದಾನೆ.

ನಮಸ್ಕಾರ.