ಮಳೆಯೂ ಜೋರು, ಜ್ವರವೂ ಜೋರು: ಇಂಗ್ಲಿಷಿನಲ್ಲಿ ಯಾವುದಕ್ಕೆ ಯಾವುದು ಜೋಡಿ?

ನಮಸ್ಕಾರ. ಇವತ್ತು ಸ್ವಲ್ಪ ಖಾರವಾಗಿಯೇ ಮಾತಾಡುವ. ನಮ್ಮ ಮಂಗಳೂರು, ಉಡುಪಿ ಕಡೆಯ ಸುಮಾರು ಸ್ಪೋಕನ್ ಇಂಗ್ಲಿಷ್ ಕ್ಲಾಸುಗಳಲ್ಲಿ ಕೈಗೆ ಒಂದು ಪಟ್ಟಿ ಕೊಡ್ತಾರೆ. ದೊಡ್ಡ ಅಂದ್ರೆ ಬಿಗ್, ಎತ್ತರ ಅಂದ್ರೆ ಹೈ, ಬಲವಾದ ಅಂದ್ರೆ ಸ್ಟ್ರಾಂಗ್. ಬಾಯಿಪಾಠ ಮಾಡಿ ಬನ್ನಿ ಅಂತಾರೆ. ಮಕ್ಕಳು ಮಾಡಿಕೊಂಡೂ ಬರ್ತಾರೆ. ಆಮೇಲೆ ಇಂಟರ್‌ವ್ಯೂಗೆ ತಡವಾಗಿ ಹೋಗಿ "ದೇರ್ ವಾಸ್ ಸ್ಟ್ರಾಂಗ್ ರೇನ್ ಆಂಡ್ ಬಿಗ್ ಟ್ರಾಫಿಕ್" ಅಂತಾರೆ. ವ್ಯಾಕರಣ ಸರಿ ಉಂಟು, ಅರ್ಥವೂ ಆಗ್ತದೆ. ಆದ್ರೆ ಹಾಗೆ ಯಾರೂ ಹೇಳುವುದಿಲ್ಲ.

ನನ್ನ ತಕರಾರು ಇಷ್ಟೇ: ಈ ಗುಣವಾಚಕಗಳನ್ನು ಒಂಟಿಯಾಗಿ ಕಲಿಸುವುದನ್ನು ನಿಲ್ಲಿಸಬೇಕು. ಮೊದಲು ಹೆಸರು, ಅಂದ್ರೆ ನಾಮಪದ ಹಿಡಿಯಿರಿ: ಮಳೆ, ಜ್ವರ, ಮೊತ್ತ, ಹುದ್ದೆ. ಅದಕ್ಕೆ ಯಾವ ಪದ ಅಂಟಿಕೊಂಡು ಬರ್ತದೆ ಅಂತ ಒಟ್ಟಿಗೇ ಕಲಿಯಿರಿ.

ಕರಾವಳಿಯವರಿಗೆ ಇದು ಯಾಕೆ ಕಷ್ಟ ಅಂದ್ರೆ, ನಮ್ಮ ಹತ್ರ "ಜೋರು" ಅನ್ನುವ ಒಂದು ಪದ ಉಂಟು, ಅದರಲ್ಲೇ ಎಲ್ಲ ಕೆಲಸ ಮುಗೀತದೆ. ಮಳೆ ಜೋರು, ಗಾಳಿ ಜೋರು, ಜ್ವರ ಜೋರು, ವ್ಯಾಪಾರ ಜೋರು, ಮೇಷ್ಟ್ರು ಭಾರಿ ಜೋರು. ಇಂಗ್ಲಿಷಿಗೆ ಹೋದ ಕೂಡಲೇ ಈ ಒಂದು ಜೋರು ಐದಾರು ದಾರಿ ಹಿಡೀತದೆ. ಮಳೆಗೆ ಹೆವಿ ರೇನ್. ಗಾಳಿಗೆ ಸ್ಟ್ರಾಂಗ್ ವಿಂಡ್. ಜ್ವರಕ್ಕೆ ಹೈ ಫೀವರ್. ನೋವಿಗೆ ಸಿವಿಯರ್ ಪೇನ್. ಟ್ರಾಫಿಕ್ ಪುನಃ ಹೆವಿ. ವ್ಯಾಪಾರ ಬ್ರಿಸ್ಕ್. ಮೇಷ್ಟ್ರು ಸ್ಟ್ರಿಕ್ಟ್, ಅವರನ್ನು ಸ್ಟ್ರಾಂಗ್ ಟೀಚರ್ ಅಂದ್ರೆ ಪಾಠ ಚೆನ್ನಾಗಿ ಮಾಡ್ತಾರೆ ಅಂತ ಆಗ್ತದೆ, ಬೈತಾರೆ ಅಂತ ಅಲ್ಲ.

ಮಳೆಯಲ್ಲಿ ಇದು ಬರೀ ನಾಲಿಗೆಯ ಅಭ್ಯಾಸ ಅಂತಲೂ ಹೇಳುವ ಹಾಗಿಲ್ಲ. ಹವಾಮಾನ ಇಲಾಖೆಯವರಿಗೆ ಪ್ರತಿ ಜೋಡಿಗೂ ಒಂದು ಅಳತೆ ಉಂಟು. 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಬಿದ್ದರೆ ಹೆವಿ. 115.6ರಿಂದ 204.4ರವರೆಗೆ ವೆರಿ ಹೆವಿ. ಅದಕ್ಕೂ ಮೇಲೆ ಹೋದರೆ ಎಕ್ಸ್‌ಟ್ರೀಮ್ಲಿ ಹೆವಿ. ಜುಲೈಯಲ್ಲಿ ರಜೆ ಕೊಡ್ತಾರಾ ಇಲ್ವಾ ಅಂತ ಫೋನ್ ಹಿಡಿದು ಕೂತವರು ಓದುವ ಅಲರ್ಟಿನಲ್ಲಿ ಇರುವುದು ಇದೇ ಪದಗಳು. ಸಮುದ್ರಕ್ಕೆ ಬೇರೆ ಮೆಟ್ಟಿಲು: ಅಲೆ ಎರಡೂವರೆಯಿಂದ 4 ಮೀಟರ್ ಇದ್ದರೆ ರಫ್ ಸೀ, 4ರಿಂದ 6 ಆದರೆ ವೆರಿ ರಫ್, 6 ದಾಟಿದ ಮೇಲೆ ಹೈ ಸೀ. ಮಲ್ಪೆಯಲ್ಲಿ ದೋಣಿ ಇಳಿಸುವವರಿಗೆ "ಬಿಗ್ ಸೀ" ಅಂತ ಎಚ್ಚರಿಕೆ ಕೊಟ್ಟರೆ ಅದು ಯಾವ ಮೆಟ್ಟಿಲು ಅಂತ ಗೊತ್ತಾಗಬೇಕಲ್ಲ!

ಇನ್ನು ಮೊತ್ತ, ಸಂಖ್ಯೆ. ಇಲ್ಲಿ ಒಂದು ಉಪಾಯ ಉಂಟು, ನೂರಕ್ಕೆ ನೂರು ನಡೆಯುವುದಿಲ್ಲ, ಆದರೂ ಕೈ ಹಿಡೀತದೆ. ಮೀಟರಿನ ಮುಳ್ಳು ಏರಿ ಇಳಿದ ಹಾಗೆ ಏರಿಳಿಯುವಂಥದ್ದಕ್ಕೆ ಹೈ ಮತ್ತು ಲೋ: ಪ್ರೈಸ್, ಸ್ಪೀಡ್, ಪ್ರೆಷರ್, ಸ್ಯಾಲರಿ, ಪರ್ಸೆಂಟೇಜ್, ಬಡ್ಡಿ ದರ. ರಾಶಿ ಹಾಕುವಂಥದ್ದು, ಎಣಿಸುವಂಥದ್ದಕ್ಕೆ ಲಾರ್ಜ್ ಮತ್ತು ಸ್ಮಾಲ್: ಅಮೌಂಟ್, ನಂಬರ್, ಕ್ವಾಂಟಿಟಿ, ಸಮ್, ಕ್ರೌಡ್, ಪಾಪ್ಯುಲೇಷನ್. ಹಾಗಾಗಿ ಹೈ ಪಾಪ್ಯುಲೇಷನ್ ಅನ್ನುವುದಕ್ಕಿಂತ ಲಾರ್ಜ್ ಪಾಪ್ಯುಲೇಷನ್ ಒಳ್ಳೆಯದು. ಡೆನ್ಸಿಟಿ ಮಾತ್ರ ಹೈ.

ಮೀನಿನ ರೇಟು ನೋಡಿ. ಜೂನ್ 1ರಿಂದ ಜುಲೈ 31, ಒಟ್ಟು 61 ದಿನ ಟ್ರಾಲಿಂಗ್ (ಯಂತ್ರದ ದೋಣಿಯಲ್ಲಿ ಬಲೆ ಎಳೆಯುವ ಮೀನುಗಾರಿಕೆ) ನಿಷೇಧ. ಆಗ ಅಂಜಲ್ ಮೀನಿನ ರೇಟು ಕೇಳಲಿಕ್ಕೇ ಹೋಗಬಾರದು. "ದ ಪ್ರೈಸ್ ಈಸ್ ವೆರಿ ಕಾಸ್ಟ್ಲಿ" ಅಂತ ನಾವು ಹೇಳುವುದು. ಕಾಸ್ಟ್ಲಿ ಆಗುವುದು ಮೀನು ಮಾರಾಯ್ರೆ, ಪ್ರೈಸ್ ಹೈ ಆಗುವುದು. ಹಾಗೆಯೇ ಚೀಪ್ ಫಿಶ್, ಲೋ ಪ್ರೈಸ್.

ಅಮೌಂಟ್ ಮತ್ತು ನಂಬರ್ ಅದಲು ಬದಲಾಗುವುದು ಇನ್ನೊಂದು. ಉಡುಪಿ ಕೃಷ್ಣಮಠದ ಪೂಜೆಯ ಹೊಣೆ ಕೈ ಬದಲಾಗುವ ಪರ್ಯಾಯದ ದಿನ ರಥಬೀದಿಯಲ್ಲಿ ಇರುವುದು ಲಾರ್ಜ್ ನಂಬರ್ ಆಫ್ ಡಿವೋಟೀಸ್. ಅಮೌಂಟ್ ಆಫ್ ಡಿವೋಟೀಸ್ ಅಂದ್ರೆ ಭಕ್ತರನ್ನು ತಕ್ಕಡಿಗೆ ಹಾಕಿದಂತಾಯ್ತು. ಊಟಕ್ಕೆ ಬೇಯುವ ಅಕ್ಕಿ ಲಾರ್ಜ್ ಕ್ವಾಂಟಿಟಿ ಆಫ್ ರೈಸ್. ಇದರ ನಂತರ ಬರುವ ಕ್ರಿಯಾಪದದಲ್ಲಿ ಇನ್ನೊಂದು ಗುಂಡಿ ಉಂಟು: "ಎ ನಂಬರ್ ಆಫ್ ಡಿವೋಟೀಸ್ ವರ್", ಆದರೆ "ದ ನಂಬರ್ ಆಫ್ ಡಿವೋಟೀಸ್ ವಾಸ್". ಮೊದಲನೆಯದರಲ್ಲಿ ಮಾತು ಭಕ್ತರ ಬಗ್ಗೆ, ಎರಡನೆಯದರಲ್ಲಿ ಅಂಕಿಯ ಬಗ್ಗೆ.

ಎತ್ತರದ ವಿಷಯ ಬೇಗ ಮುಗಿಸುವ. ನಿಂತದ್ದು, ಅಗಲಕ್ಕಿಂತ ಉದ್ದ ಜಾಸ್ತಿ ಇರುವುದು ಟಾಲ್: ಮನುಷ್ಯ, ತೆಂಗಿನ ಮರ, ಕಾಪುವಿನ ದೀಪಸ್ತಂಭ, ಹಂಚಿನ ಕಾರ್ಖಾನೆಯ ಚಿಮಣಿ. ನೆಲದಿಂದ ಮೇಲಿರುವುದು, ಅಗಲವಾಗಿ ಹರಡಿದ್ದು ಹೈ: ಗುಡ್ಡ, ಗೋಡೆ, ಮಾಡು, ಕಪಾಟಿನ ಮೇಲಿನ ಹಲಗೆ. ಕಾರ್ಕಳದಲ್ಲಿ ಎರಡೂ ಒಟ್ಟಿಗೆ ಕಾಣ್ತದೆ, ಬಂಡೆಯ ಗುಡ್ಡ ಹೈ, ಅದರ ಮೇಲಿನ ಸುಮಾರು 42 ಅಡಿಯ ಗೊಮ್ಮಟ ಟಾಲ್. ಅಳತೆ ಹೇಳುವಾಗ ವಸ್ತುವಿಗೆ ಎರಡೂ ನಡೀತದೆ, ಮನುಷ್ಯನಿಗೆ ಮಾತ್ರ ಟಾಲ್ ಒಂದೇ. "ಹೀ ಈಸ್ ವೆರಿ ಹೈಟ್" ಅನ್ನುವುದನ್ನು ದಯವಿಟ್ಟು ಬಿಡಿ. ಎರಡನೇ ಸ್ಥಾನ ಹೇಳುವಾಗ ಸೆಕೆಂಡ್ ಟಾಲೆಸ್ಟ್, ಥರ್ಡ್ ಲಾರ್ಜೆಸ್ಟ್. "ಸೆಕೆಂಡ್ ಬಿಗ್" ಅಂತಿಲ್ಲ.

ಎಲ್ಲದಕ್ಕಿಂತ ಗೋಜಲು ರ‍್ಯಾಂಕ್. ಸಿಇಟಿ ಫಲಿತಾಂಶ ಬಂದ ದಿನ "ಹೈ ರ‍್ಯಾಂಕ್ ಬಂತು" ಅಂದ್ರೆ ಎಂತ ಅರ್ಥ? ಮುನ್ನೂರಾ, ಎಂಬತ್ತು ಸಾವಿರವಾ? ಇಂಗ್ಲಿಷಿನಲ್ಲಿ ಹೈ ರ‍್ಯಾಂಕ್ ಅಂದ್ರೆ ಮೇಲಿನ ಸ್ಥಾನ, ಅಂದ್ರೆ ಸಣ್ಣ ಅಂಕಿ. ಮನೆಯಲ್ಲಿ ಮಾತ್ರ ಅಂಕಿ ನೋಡಿ ಉಲ್ಟಾ ಹೇಳ್ತಾರೆ. ಕೌನ್ಸೆಲಿಂಗ್‌ನಲ್ಲಿ ಇದು ಹೊಡೀತದೆ: ಅಂಕದ ಕಟಾಫ್ ಹೈ ಅಂದ್ರೆ ಸೀಟು ಕಷ್ಟ, ಸೀಟು ಸಿಕ್ಕಿದ ಕೊನೆಯವರ ಕ್ಲೋಸಿಂಗ್ ರ‍್ಯಾಂಕಿನ ಅಂಕಿ ದೊಡ್ಡದಿದ್ದರೆ ಸೀಟು ಸುಲಭ. ಆದ್ದರಿಂದ ಹೈ, ಲೋ ಎರಡನ್ನೂ ಬಿಟ್ಟು ಗುಡ್ ರ‍್ಯಾಂಕ್, ಬೆಟರ್ ರ‍್ಯಾಂಕ್ ಅನ್ನಿ, ಅಥವಾ ಅಂಕಿಯನ್ನೇ ಹೇಳಿ. "ರ‍್ಯಾಂಕ್ ಹೋಲ್ಡರ್" ನಮ್ಮ ದೇಶದಲ್ಲಿ ಚಲಾವಣೆಯ ಮಾತು, ವಿದೇಶಕ್ಕೆ ಕಳಿಸುವ ಬಯೋಡೇಟಾದಲ್ಲಿ "ರ‍್ಯಾಂಕ್ಡ್ ಥರ್ಡ್ ಇನ್ ದ ಯೂನಿವರ್ಸಿಟಿ" ಅಂತ ಬರೆದರೆ ಸ್ಪಷ್ಟ.

ಹುದ್ದೆಯಲ್ಲೂ ಹಾಗೆ. ನಮ್ಮ "ದೊಡ್ಡ ಆಫೀಸರ್" ಇಂಗ್ಲಿಷಿನಲ್ಲಿ ಸೀನಿಯರ್ ಆಫೀಸರ್ ಅಥವಾ ಹೈ ರ‍್ಯಾಂಕಿಂಗ್ ಆಫೀಸರ್. ಬಿಗ್ ಆಫೀಸರ್ ಅಂದ್ರೆ ಅವರ ಹೊಟ್ಟೆ ನೋಡಿದ ಹಾಗಾಗ್ತದೆ. ಸೀನಿಯರ್, ಜೂನಿಯರ್, ಸುಪೀರಿಯರ್ ಇವುಗಳ ನಂತರ "ದ್ಯಾನ್" ಬರುವುದಿಲ್ಲ, "ಟು" ಬರ್ತದೆ. ಬ್ಯಾಂಕ್ ಇಂಟರ್‌ವ್ಯೂಗೆ ಹೋಗುವವರು ಇದನ್ನು ನಾಲ್ಕು ಸಲ ಬಾಯಲ್ಲಿ ಹೇಳಿ ನೋಡಿ.

ಅಭ್ಯಾಸ ಹೇಗೆ? ನೋಟ್ ಪುಸ್ತಕದ ಎಡಗಡೆ ಹೆಸರು ಬರೆಯಿರಿ, ಬಲಗಡೆ ಅದರ ಜೋಡಿ, ಕೆಳಗೆ ಅದರ ವಿರುದ್ಧದ ಜೋಡಿ. ವಿರುದ್ಧ ಬರೆಯದಿದ್ದರೆ ಪುನಃ ಎಡವುತ್ತೀರಿ: ಹೆವಿ ರೇನ್ ಎದುರು ಲೈಟ್ ರೇನ್, ಸ್ಟ್ರಾಂಗ್ ಟೀ ಎದುರು ವೀಕ್ ಟೀ. ನಮ್ಮ ಹೋಟೆಲಿನಲ್ಲಿ ಲೈಟ್ ಚಾ ಕೇಳಿದರೆ ಸಿಗ್ತದೆ, ಲಂಡನ್ನಿನಲ್ಲಿ ಕೇಳಿದರೆ ಮುಖ ನೋಡಬಹುದು. ಅನುಮಾನ ಬಂದರೆ ಎರಡು ಪದವನ್ನೂ ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್ ಮಾಡಿ. ಎಷ್ಟು ಲಕ್ಷ ಫಲಿತಾಂಶ ಬಂತು ಅಂತ ಎಣಿಸಬೇಡಿ, ಆ ಅಂಕಿ ನಂಬಲಿಕ್ಕಾಗುವುದಿಲ್ಲ. ಯಾರು ಬರೆದದ್ದು ನೋಡಿ. ಪತ್ರಿಕೆ, ಆಸ್ಪತ್ರೆ, ಹವಾಮಾನ ಇಲಾಖೆಯ ಪುಟಗಳಲ್ಲಿ ಆ ಜೋಡಿ ಕಂಡರೆ ಪುಸ್ತಕಕ್ಕೆ ಇಳಿಸಿ. ಬರೀ ಮಾರಾಟದ ಜಾಹೀರಾತಿನಲ್ಲಿ, ಯಾರದ್ದೋ ಕಮೆಂಟಿನಲ್ಲಿ ಮಾತ್ರ ಸಿಕ್ಕಿದರೆ ಬಿಡಿ, ಆ ಹೆಸರಿಗೆ ಬೇರೆ ಜೋಡಿ ಹುಡುಕಿ.