ಆಟದ ಸ್ವರೂಪವನ್ನೇ ಬದಲಿಸಿದ ಮೂವರು

[ಪರದೆಯ ಮೇಲೆ: ಓಟದ ಟ್ರ್ಯಾಕ್, ನಂತರ ಈಜುಕೊಳ]

ನಮಸ್ಕಾರ ವೀಕ್ಷಕರೇ. ಉಸೇನ್ ಬೋಲ್ಟ್ ಎಂದೊಡನೆ ನೂರು ಮೀಟರ್ ಓಟವೂ ಮೈಕೆಲ್ ಫೆಲ್ಪ್ಸ್ ಎಂದೊಡನೆ ಈಜೂ ನೆನಪಾಗುತ್ತವೆ. ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 9.58 ಸೆಕೆಂಡುಗಳಲ್ಲಿ ಗುರಿ ಮುಟ್ಟಿದ್ದು, ಫೆಲ್ಪ್ಸ್ ಒಲಿಂಪಿಕ್ಸ್‌ನಲ್ಲಿ 23 ಚಿನ್ನ ಗೆದ್ದದ್ದು ಸಾಮಾನ್ಯವಾಗಿ ಎಲ್ಲರಿಗೂ ಗೊತ್ತು. ಆದರೆ ಅವರು ನಿವೃತ್ತರಾದ ಮೇಲೂ ಓಟವಾಗಲಿ, ಈಜಾಗಲಿ ಹೆಚ್ಚುಕಡಿಮೆ ಮೊದಲಿನಂತೆಯೇ ನಡೆದುಕೊಂಡು ಬಂದಿದೆ. ಇನ್ನು ಕೆಲವರು ಬಂದುಹೋದ ಮೇಲೆ ಅವರ ಕ್ರೀಡೆ ಮೊದಲಿನಂತೆ ಉಳಿಯಲಿಲ್ಲ. ಇಂದಿನ ವಿಡಿಯೋ ಅಂಥವರನ್ನು ಕುರಿತದ್ದು.

[ಪರದೆಯ ಮೇಲೆ: ಎತ್ತರ ಜಿಗಿತದ ಅಡ್ಡಪಟ್ಟಿ, ನಿಧಾನಗತಿಯಲ್ಲಿ]

ಅಮೆರಿಕದ ಡಿಕ್ ಫಾಸ್‌ಬರಿ 1968ರ ಮೆಕ್ಸಿಕೋ ಸಿಟಿ ಒಲಿಂಪಿಕ್ಸ್‌ನ ಎತ್ತರ ಜಿಗಿತದಲ್ಲಿ 2.24 ಮೀಟರ್ ಜಿಗಿದು ಚಿನ್ನ ಗೆದ್ದರು. ಅಲ್ಲಿಯವರೆಗೆ ಪ್ರಮುಖ ಜಿಗಿತಗಾರರು ಹೊಟ್ಟೆಯನ್ನು ಕೆಳಗೆ ಮಾಡಿ, ಅಡ್ಡಪಟ್ಟಿಯ ಮೇಲೆ ಉರುಳಿದಂತೆ ದಾಟುತ್ತಿದ್ದರು. ಫಾಸ್‌ಬರಿಯಾದರೋ ಬಾಗಿದ ಹಾದಿಯಲ್ಲಿ ಓಡಿ ಬಂದು, ಒಂದೇ ಕಾಲಿನಿಂದ ಚಿಮ್ಮಿ, ಬೆನ್ನನ್ನು ಪಟ್ಟಿಯ ಕಡೆಗೆ ತಿರುಗಿಸಿ, ತಲೆ ಮೊದಲಾಗಿ ದಾಟಿದರು.

ಇದರ ಹಿಂದಿರುವ ಭೌತಶಾಸ್ತ್ರ ಸ್ವಾರಸ್ಯಕರವಾಗಿದೆ. ಬೆನ್ನನ್ನು ಬಿಲ್ಲಿನಂತೆ ಬಾಗಿಸಿದಾಗ ತಲೆ, ಸೊಂಟ, ಕಾಲುಗಳು ಒಂದಾದ ಮೇಲೊಂದರಂತೆ ಪಟ್ಟಿಯನ್ನು ದಾಟುತ್ತವೆ. ದಾಟಿದ ಭಾಗ ಆಗಲೇ ಕೆಳಗಿಳಿದಿರುತ್ತದೆ, ದಾಟಬೇಕಾದ ಭಾಗ ಇನ್ನೂ ಕೆಳಗಿರುತ್ತದೆ. ಆದ್ದರಿಂದ ಇಡೀ ದೇಹ ಪಟ್ಟಿಯ ಮೇಲಿನಿಂದ ಹೋದರೂ ಅದರ ಗುರುತ್ವ ಕೇಂದ್ರ, ಅಂದರೆ ಇಡೀ ತೂಕ ಒಂದೆಡೆ ನೆಲೆಸಿದೆ ಎಂದು ಭಾವಿಸಬಹುದಾದ ಬಿಂದು, ಪಟ್ಟಿಯ ಕೆಳಗಿನಿಂದಲೇ ಹಾದುಹೋಗಲು ಸಾಧ್ಯ. ಅಂದರೆ ಅಷ್ಟೇ ಶಕ್ತಿಯಿಂದ ಹೆಚ್ಚು ಎತ್ತರವನ್ನು ದಾಟಬಹುದು. ಬೆನ್ನಿನ ಮೇಲೆ ಬೀಳುವ ಈ ವಿಧಾನ ಹರಡಲು ಮರಳಿನ ಗುಂಡಿಗಳ ಜಾಗಕ್ಕೆ ಮೆತ್ತನೆಯ ಫೋಮ್ ಹಾಸುಗಳು ಬಂದದ್ದೂ ಕಾರಣ. ಮರಳಿನ ಮೇಲೆ ಹಾಗೆ ಬಿದ್ದಿದ್ದರೆ ಕತ್ತಿನ ಗತಿ ಏನಾಗುತ್ತಿತ್ತೋ! ಇಂದು ‘ಫಾಸ್‌ಬರಿ ಫ್ಲಾಪ್’ ಎಂಬ ಈ ವಿಧಾನವನ್ನು ಬಿಟ್ಟು ಜಿಗಿಯುವವರು ಉನ್ನತ ಸ್ಪರ್ಧೆಗಳಲ್ಲಿ ಕಾಣಸಿಗುವುದಿಲ್ಲ.

[ಪರದೆಯ ಮೇಲೆ: 1.00 ಎಂದು ತೋರಿಸುವ ಅಂಕಫಲಕ]

1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ರೊಮೇನಿಯಾದ ಹದಿನಾಲ್ಕು ವರ್ಷದ ನಾದಿಯಾ ಕೊಮನೆಚಿ ಜಿಮ್ನಾಸ್ಟಿಕ್ಸ್‌ನಲ್ಲಿ ಪೂರ್ಣ ಹತ್ತು ಅಂಕ ಪಡೆದಾಗ ಫಲಕ 1.00 ಎಂದು ತೋರಿಸಿತು, ಏಕೆಂದರೆ 10.00 ಎಂದು ತೋರಿಸುವ ವ್ಯವಸ್ಥೆಯೇ ಅದರಲ್ಲಿರಲಿಲ್ಲ. ಅದೇ ಕ್ರೀಡಾಕೂಟದಲ್ಲಿ ಅವರು ಏಳು ಬಾರಿ ಹತ್ತು ಅಂಕ ಗಳಿಸಿದರು. ಈಗ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸುವ ಜಿಮ್ನಾಸ್ಟ್‌ಗೆ ಆ ವರ್ಷ ಕನಿಷ್ಠ ಹದಿನಾರು ತುಂಬಬೇಕು. 2006ರಿಂದ ಹತ್ತರ ಮಿತಿಯೂ ಇಲ್ಲ, ಕಷ್ಟಕ್ಕೊಂದು ಅಂಕ, ನಿರ್ವಹಣೆಗೊಂದು ಅಂಕ ಎಂದು ಬೇರೆ ಬೇರೆಯಾಗಿ ಕೂಡಿಸುತ್ತಾರೆ.

[ಪರದೆಯ ಮೇಲೆ: ಜಾವೆಲಿನ್‌ನ ರೇಖಾಚಿತ್ರ]

ಮೂರನೆಯವರು ಪೂರ್ವ ಜರ್ಮನಿಯ ಉವೆ ಹೋನ್. ಉಳಿದಿಬ್ಬರಷ್ಟು ಅವರು ಪ್ರಸಿದ್ಧರಲ್ಲ, ಆದರೆ ನನ್ನ ಮಟ್ಟಿಗೆ ಅವರದೇ ಅತ್ಯಂತ ವಿಚಿತ್ರವಾದ ಕಥೆ. 1984ರ ಜುಲೈನಲ್ಲಿ ಅವರು ಜಾವೆಲಿನ್ ಅನ್ನು 104.80 ಮೀಟರ್ ದೂರ ಎಸೆದರು. ತಮ್ಮ ದೇಶ ಲಾಸ್ ಏಂಜಲೀಸ್ ಒಲಿಂಪಿಕ್ಸನ್ನು ಬಹಿಷ್ಕರಿಸಿದ್ದರಿಂದ ಪದಕದ ಅವಕಾಶ ತಪ್ಪಿತು. ಇತ್ತ ಈಟಿ ಮೈದಾನದ ಆಚೆಗೇ ಹೋದೀತೆಂಬ ಆತಂಕ ಬೆಳೆಯಿತು. ಅದು ಮಲಗಿದಂತೆ ನೆಲಕ್ಕೆ ತಾಕುತ್ತಿದ್ದುದರಿಂದ ಮೊನೆ ಮೊದಲು ತಾಕಿತೇ ಇಲ್ಲವೇ ಎಂಬ ತಕರಾರೂ ಇತ್ತು. 1986ರಲ್ಲಿ ಪುರುಷರ ಜಾವೆಲಿನ್‌ನ ಗುರುತ್ವ ಕೇಂದ್ರವನ್ನು ನಾಲ್ಕು ಸೆಂಟಿಮೀಟರ್ ಮುಂದಕ್ಕೆ ಸರಿಸಲಾಯಿತು. ಹೀಗಾಗಿ ಮೊನೆ ಬೇಗ ಬಾಗಿ ನೆಲಕ್ಕೆ ನಾಟುತ್ತದೆ, ದೂರ ಕಡಿಮೆಯಾಗುತ್ತದೆ.

ದಾಖಲೆಗಳ ಲೆಕ್ಕವನ್ನು ಹೊಸದಾಗಿ ಆರಂಭಿಸಬೇಕಾಯಿತು. ಜೆಕ್ ಗಣರಾಜ್ಯದ ಯಾನ್ ಜೆಲೆಜ್ನಿ 1996ರಲ್ಲಿ ಎಸೆದ 98.48 ಮೀಟರೇ ಹೊಸ ಜಾವೆಲಿನ್‌ನ ವಿಶ್ವದಾಖಲೆ. ಮುಂದೆ ಹೋನ್ ಭಾರತಕ್ಕೆ ತರಬೇತುದಾರರಾಗಿ ಬಂದು ಕೆಲಕಾಲ ನೀರಜ್ ಚೋಪ್ರಾ ಅವರಿಗೂ ಕಲಿಸಿದರು. ನೀರಜ್ 2025ರಲ್ಲಿ ದೋಹಾದಲ್ಲಿ ಮೊದಲ ಬಾರಿಗೆ ತೊಂಬತ್ತು ಮೀಟರ್ ದಾಟಿ 90.23 ಮೀಟರ್ ಎಸೆದದ್ದು ಈ ಬದಲಾದ ಜಾವೆಲಿನ್‌ನಿಂದಲೇ.