ಬಾಗಿಲು ಬಡಿಯದೆ ಒಳಗೆ ಬರುವವರು

ಕೇಳುಗರಿಗೆ ನಮಸ್ಕಾರ.

ಉತ್ತರ ಪ್ರದೇಶದಲ್ಲಿ ಖರಕ್ ಸಿಂಗ್ ಅಂತ ಒಬ್ಬರಿದ್ದರು. 1941ರಲ್ಲಿ ಅವರ ಮೇಲೆ ದರೋಡೆ ಕೇಸು ಬಿತ್ತು. ಸಾಕ್ಷಿ ಸಿಗಲಿಲ್ಲ, ಬಿಟ್ಟು ಕಳಿಸಿದರು. ಆದರೆ ಪೊಲೀಸರು ಅವರ ಹೆಸರಿನಲ್ಲಿ ಒಂದು ಕಡತ ತೆರೆದರು. ನಮ್ಮಲ್ಲಿ ರೌಡಿ ಶೀಟ್ ಅಂತೀವಲ್ಲ, ಅಂಥದ್ದು. ಅಲ್ಲಿಂದ ಶುರುವಾಯ್ತು ಕಾಟ. ರಾತ್ರಿ ಹೊತ್ತು ಊರಿನ ಚೌಕಿದಾರ ಬಂದು ಬಾಗಿಲು ಬಡಿಯುವುದು, ಕೂಗುವುದು. ಕೆಲವು ಸಲ ಪೊಲೀಸರೇ ಮನೆಯೊಳಗೆ ಬಂದು ಎಬ್ಬಿಸುವುದು. ಬೇರೆ ಊರಿಗೆ ಹೊರಟರೆ ಎಲ್ಲಿಗೆ, ಯಾವಾಗ ವಾಪಸ್ ಅಂತ ಹೇಳಿ ಹೋಗಬೇಕು. ಆ ಊರಿನ ಠಾಣೆಗೂ ಇಲ್ಲಿಂದ ಸುದ್ದಿ ಮುಟ್ಟುತ್ತಿತ್ತು.

ಅವರು ಸುಪ್ರೀಂ ಕೋರ್ಟಿಗೆ ಹೋದರು. 1962ರಲ್ಲಿ ತೀರ್ಪು ಬಂತು. ರಾತ್ರಿ ಬಾಗಿಲು ಬಡಿಯುವುದು ತಪ್ಪು ಅಂತ ಕೋರ್ಟು ಹೇಳಿತು. ಹಿಂದೆ ಬಿದ್ದು ನಿಗಾ ಇಡುವುದಕ್ಕೆ ಮಾತ್ರ ಅಡ್ಡಿ ಹೇಳಲಿಲ್ಲ. ಖಾಸಗಿತನವನ್ನು ನಮ್ಮ ಸಂವಿಧಾನ ಹಕ್ಕು ಅಂತ ಹೇಳಿಲ್ಲವಲ್ಲ, ಅಂದಿತು. ನ್ಯಾಯಮೂರ್ತಿ ಸುಬ್ಬರಾವ್ ಮತ್ತು ನ್ಯಾಯಮೂರ್ತಿ ಷಾ ಇಬ್ಬರು ಇದನ್ನು ಒಪ್ಪಲಿಲ್ಲ. ಆದರೆ ಪೀಠದಲ್ಲಿ ಇದ್ದವರು ಆರು ಜನ.

ಈಗ ಚೌಕಿದಾರನ ಕೆಲಸವನ್ನು ನಮ್ಮ ಜೇಬಿನ ಫೋನೇ ಮಾಡುತ್ತದೆ. ಕರೆ ಯಾರಿಗೆ ಹೋಯ್ತು, ಯಾವ ಟವರಿನಿಂದ ಹೋಯ್ತು ಅನ್ನುವ ದಾಖಲೆಯನ್ನು ಮೊಬೈಲ್ ಕಂಪನಿಗಳು ಕನಿಷ್ಠ 2 ವರ್ಷ ಇಟ್ಟುಕೊಳ್ಳಬೇಕು, ಹಾಗಂತ ನಿಯಮವಿದೆ. ರಾತ್ರಿ ನಿದ್ದೆ ಕೆಡುವುದಿಲ್ಲ ಅನ್ನುವುದೊಂದೇ ಸಮಾಧಾನ.

ಖರಕ್ ಸಿಂಗ್ ತೀರ್ಪಿನ ಆ ಭಾಗ ಸುಮಾರು 55 ವರ್ಷ ಉಳಿಯಿತು. ಅದು ಬಿದ್ದುಹೋಗುವಂತೆ ಮಾಡಿದ ಕೇಸು ಹಾಕಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದಾಗ ಅವರಿಗೆ 86 ವರ್ಷ. ಆ ವಯಸ್ಸಿಗೆ ಪಿಂಚಣಿಗೆ ಜೀವಂತ ಪ್ರಮಾಣಪತ್ರ ಕೊಡಲು ಬ್ಯಾಂಕಿನವರೆಗೆ ಹೋಗುವುದೇ ಬಹಳ ಮಂದಿಗೆ ಕಷ್ಟ. ಕೇಂದ್ರ ಸರ್ಕಾರ 2015ರಲ್ಲಿ ಕೋರ್ಟಿನ ಮುಂದೆ ಹಳೆಯ ತೀರ್ಪುಗಳನ್ನೇ ಹಿಡಿದು, ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಅಂತ ವಾದ ಮಾಡಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು, ಮೂಲಭೂತ ಹಕ್ಕು ಹೌದು ಅಂತ. ಆ ಪೀಠದಲ್ಲಿದ್ದ ಅಬ್ದುಲ್ ನಜೀರ್ ಕೂಡ ಕರ್ನಾಟಕದವರು. ಆಧಾರ್ ಮಾತ್ರ ಮರುವರ್ಷದ ತೀರ್ಪಿನಲ್ಲಿ ಬಹುಪಾಲು ಉಳಿದುಕೊಂಡಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಹಕ್ಕು ಅಂದ ಮಾತ್ರಕ್ಕೆ ಸರ್ಕಾರ ಎಂದೂ ಇಣುಕಬಾರದು ಅಂತಲ್ಲ. ಅದಕ್ಕೊಂದು ಕಾನೂನು ಇರಬೇಕು, ನ್ಯಾಯವಾದ ಕಾರಣ ಇರಬೇಕು, ಬೇಕಾದ್ದಕ್ಕಿಂತ ಜಾಸ್ತಿ ಕೈ ಹಾಕಬಾರದು. ಕೋರ್ಟು ಹೇಳಿದ್ದು ಇಷ್ಟು. ಇದಕ್ಕೆ ಯಾರ ತಕರಾರೂ ಇರಲಿಕ್ಕಿಲ್ಲ. ನನ್ನ ಪ್ರಶ್ನೆ ಬೇರೆ. ಇಣುಕುವ ಮುಂಚೆ ಇದನ್ನೆಲ್ಲ ಕೇಳಿ, ಬೇಡ ಅಂತ ತಡೆಯುವವರು ಯಾರು?

ಫೋನ್ ಕದ್ದಾಲಿಕೆ ಕರ್ನಾಟಕಕ್ಕೆ ಹೊಸದಲ್ಲ. ನಮ್ಮಲ್ಲಿ ಒಬ್ಬ ಮುಖ್ಯಮಂತ್ರಿ ಕುರ್ಚಿ ಬಿಟ್ಟಿದ್ದೇ ಅದರಿಂದ. ರಾಜಕಾರಣಿಗಳ ಫೋನ್ ಕದ್ದು ಕೇಳಿದ ಆರೋಪದ ಗದ್ದಲ ಎದ್ದಾಗ ರಾಮಕೃಷ್ಣ ಹೆಗಡೆ 1988ರ ಆಗಸ್ಟಿನಲ್ಲಿ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. 2019ರಲ್ಲೂ ಕದ್ದಾಲಿಕೆ ಆರೋಪ ಎದ್ದು, ತನಿಖೆ ಸಿಬಿಐ ಕೈಗೆ ಹೋಯ್ತು. ನಾನೇನು ಕದ್ದಿದ್ದೀನಾ, ನನ್ನ ಫೋನ್ ಕೇಳಿದರೆ ಕೇಳಿಕೊಳ್ಳಲಿ ಅಂತ ಕೆಲವರು ಹೇಳುತ್ತಾರೆ. ಖರಕ್ ಸಿಂಗ್ ಕೂಡ ಕದ್ದಿದ್ದು ಸಾಬೀತಾಗಿರಲಿಲ್ಲ ಅಲ್ವಾ? ಕದ್ದಾಲಿಕೆಯ ಆಸೆ ಹುಟ್ಟುವುದು ಕಳ್ಳರ ಮೇಲೆ ಮಾತ್ರ ಅಂದುಕೊಂಡರೆ ನಮ್ಮ ರಾಜಕೀಯ ಗೊತ್ತಿಲ್ಲ ಅಂತ ಅರ್ಥ.

1996ರಲ್ಲಿ ಪಿಯುಸಿಎಲ್ ಅನ್ನುವ ನಾಗರಿಕ ಹಕ್ಕುಗಳ ಸಂಘಟನೆಯ ಕೇಸಿನಲ್ಲಿ ಸುಪ್ರೀಂ ಕೋರ್ಟು ಕದ್ದಾಲಿಕೆಗೆ ಒಂದಷ್ಟು ಕಟ್ಟುಪಾಡು ಹಾಕಿತು. ಮೊದಲು ನ್ಯಾಯಾಧೀಶರ ಅನುಮತಿ ಇರಬೇಕು ಅನ್ನುವ ಬೇಡಿಕೆ ಆಗಲೇ ಇತ್ತು. ಕಾನೂನಿನಲ್ಲಿ ಅದಕ್ಕೆ ಜಾಗವಿಲ್ಲ ಅಂತ ಕೋರ್ಟು ಒಪ್ಪಲಿಲ್ಲ. ಆಗಿದ್ದದ್ದು 1885ರ ಟೆಲಿಗ್ರಾಫ್ ಕಾಯ್ದೆ. ಈಗ ಅದರ ಜಾಗಕ್ಕೆ 2023ರ ಟೆಲಿಕಾಂ ಕಾಯ್ದೆ ಬಂದಿದೆ, 2024ರಲ್ಲಿ ಹೊಸ ನಿಯಮಗಳೂ ಬಂದಿವೆ. ಏರ್ಪಾಡು ಮಾತ್ರ ಹಳೆಯದೇ. ಕೇಂದ್ರದಲ್ಲಾದರೆ ಗೃಹ ಕಾರ್ಯದರ್ಶಿ ಸಹಿ ಹಾಕುತ್ತಾರೆ, ರಾಜ್ಯದಲ್ಲೂ ಗೃಹ ಕಾರ್ಯದರ್ಶಿಯೇ. ಒಂದು ಆದೇಶ 60 ದಿನ ನಡೆಯುತ್ತದೆ, ಎಳೆದರೆ 180 ದಿನ. ಆದೇಶ ಸರಿಯಿತ್ತಾ ಅಂತ ಆಮೇಲೆ ನೋಡಲು ಒಂದು ಸಮಿತಿ ಇದೆ. ಕೇಂದ್ರದಲ್ಲಿ ಅದರ ಅಧ್ಯಕ್ಷರು ಸಂಪುಟ ಕಾರ್ಯದರ್ಶಿ, ರಾಜ್ಯದಲ್ಲಿ ಮುಖ್ಯ ಕಾರ್ಯದರ್ಶಿ. ಉಳಿದವರೂ ಕಾರ್ಯದರ್ಶಿಗಳೇ. ಕೇಳುವವರು ಅಧಿಕಾರಿಗಳು, ಸಹಿ ಹಾಕುವವರು ಅಧಿಕಾರಿಗಳು, ಸರಿಯಾ ತಪ್ಪಾ ಅಂತ ನೋಡುವವರೂ ಅವರೇ.

ಆ ಸಮಿತಿಗಾದರೂ ಪುರುಸೊತ್ತು ಇದೆಯಾ? ಡೇಟಾ ರಕ್ಷಣೆಯ ಬಗ್ಗೆ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರಲ್ಲಿ ವರದಿ ಕೊಟ್ಟಿತು. ಅದರಲ್ಲೊಂದು ಲೆಕ್ಕವಿದೆ. ಕದ್ದಾಲಿಕೆಯ ಮರುಪರಿಶೀಲನಾ ಸಮಿತಿ ಸೇರುವುದು ಎರಡು ತಿಂಗಳಿಗೊಮ್ಮೆ. ಒಂದೊಂದು ಸಭೆಯಲ್ಲಿ ನೋಡಬೇಕಾದ ಆದೇಶಗಳು 15,000ದಿಂದ 18,000. ಇದು ಆಗದ ಮಾತು ಅಂತ ವರದಿಯೇ ಹೇಳಿತು. ನಾವೇ ಗುಣಿಸಿ ಭಾಗಿಸಿ ನೋಡೋಣ. ಸಂಪುಟ ಕಾರ್ಯದರ್ಶಿಗಳು ಬೆಳಿಗ್ಗೆಯಿಂದ ಸಂಜೆವರೆಗೆ 8 ಗಂಟೆ ಕೂತರು ಅಂದುಕೊಳ್ಳಿ. ಊಟಕ್ಕೂ ಏಳಲಿಲ್ಲ, ಕಾಫಿಗೂ ಏಳಲಿಲ್ಲ. 15,000 ಆದೇಶ ಅಂದರೂ ಒಂದೊಂದಕ್ಕೆ ಎರಡು ಸೆಕೆಂಡು ಪೂರ್ತಿ ಸಿಗುವುದಿಲ್ಲ. ಕಡತದ ಟ್ಯಾಗು ಬಿಚ್ಚುವಷ್ಟರಲ್ಲಿ ಹೊತ್ತು ಮುಗಿದಿರುತ್ತದೆ.

ಯಾರ ಫೋನ್ ಕೇಳಿದರೋ ಅವರಿಗೆ ಯಾವತ್ತೂ ತಿಳಿಸುವುದಿಲ್ಲ. ಬೇಡವಾದ ದಾಖಲೆಗಳನ್ನು ಆರು ತಿಂಗಳಿಗೊಮ್ಮೆ ನಾಶ ಮಾಡುತ್ತಾರೆ. ಗೊತ್ತಾಗದೆ ಇರುವ ಅನ್ಯಾಯಕ್ಕೆ ಕೋರ್ಟಿಗೆ ಹೋಗುವುದಾದರೂ ಹೇಗೆ?

ಈಗ ಬೀಗದ ವಿಷಯಕ್ಕೆ ಬರುತ್ತೇನೆ. ಎನ್‌ಕ್ರಿಪ್ಷನ್ ಅಂದರೆ ಬೀಗವೇ. ವಾಟ್ಸ್ಯಾಪಿನಲ್ಲಿ ನಿಮ್ಮ ಅಕ್ಕನದ್ದೋ ಸ್ನೇಹಿತರದ್ದೋ ಚಾಟ್ ತೆರೆದು, ಮೇಲಿರುವ ಹೆಸರನ್ನು ಒತ್ತಿ. ಕೆಳಗೆ ಎನ್‌ಕ್ರಿಪ್ಷನ್ ಅಂತ ಒಂದು ಸಾಲು ಕಾಣುತ್ತದೆ. ಅದನ್ನು ಒತ್ತಿದರೆ 60 ಅಂಕಿಗಳು, ಐದೈದರ ಗುಂಪಾಗಿ. ಅಕ್ಕನ ಫೋನಿನಲ್ಲೂ ನಿಮ್ಮ ಹೆಸರಿನ ಕೆಳಗೆ ಅವೇ 60 ಅಂಕಿ ಇರಬೇಕು. ಇದ್ದರೆ ನಡುವೆ ಯಾರೂ ಕೂತು ಓದುತ್ತಿಲ್ಲ ಅಂತ ಅರ್ಥ. ಸಂದೇಶ ನಿಮ್ಮ ಫೋನಿನಲ್ಲೇ ಬೀಗ ಹಾಕಿಕೊಂಡು ಹೊರಡುತ್ತದೆ. ತೆಗೆಯುವ ಕೀ ಇರುವುದು ಅಕ್ಕನ ಫೋನಿನಲ್ಲಿ. ಕಂಪನಿ ಸುಮ್ನೆ ಸಾಗಿಸುತ್ತದೆ, ಓದಲು ಅದಕ್ಕೂ ಆಗುವುದಿಲ್ಲ. ಯಾರು ಯಾರಿಗೆ, ಎಷ್ಟು ಹೊತ್ತಿಗೆ ಕಳಿಸಿದರು ಅನ್ನುವುದು ಮಾತ್ರ ಕಂಪನಿಗೆ ಗೊತ್ತಾಗುತ್ತದೆ. ಅದೂ ಸಣ್ಣ ವಿಷಯವಲ್ಲ. ರಾತ್ರಿ 2 ಗಂಟೆಗೆ ಆಸ್ಪತ್ರೆಗೊಂದು ಕರೆ, ಆಮೇಲೆ ಅಣ್ಣನಿಗೆ, ಬೆಳಿಗ್ಗೆ ವಿಮೆ ಏಜೆಂಟರಿಗೆ. ಏನಾಗಿದೆ ಅಂತ ತಿಳಿಯಲು ಮಾತು ಕೇಳಿಸಿಕೊಳ್ಳಬೇಕಾ?

ಪೊಲೀಸರ ಕಷ್ಟ ಸುಳ್ಳಲ್ಲ, ಅದನ್ನೂ ಹೇಳಬೇಕು. 2018ರ ಜುಲೈ, ಬೀದರ್ ಜಿಲ್ಲೆಯ ಮುರ್ಕಿ. ಹೈದರಾಬಾದಿನಿಂದ ಸ್ನೇಹಿತನ ಊರಿಗೆ ಬಂದಿದ್ದವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಸುದ್ದಿ ವಾಟ್ಸ್ಯಾಪಿನಲ್ಲಿ ಅವರ ಕಾರಿಗಿಂತ ಮುಂದೆ ಓಡಿತು. ಮುರ್ಕಿಯಲ್ಲಿ ಜನ ರಸ್ತೆಗೆ ಅಡ್ಡ ನಿಂತರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರನ್ನು ಹೊಡೆದು ಕೊಂದರು. ದೇಶದ ಬೇರೆ ಬೇರೆ ಕಡೆಯೂ ಆ ವರ್ಷ ಇಂಥ ಕೊಲೆಗಳಾದವು. ಸುಳ್ಳು ಸುದ್ದಿ ಮೊದಲು ಹಬ್ಬಿಸಿದವರು ಯಾರು ಅಂತ ಹೇಳಿ ಎಂದು ಸರ್ಕಾರ ವಾಟ್ಸ್ಯಾಪನ್ನು ಕೇಳಲು ಶುರು ಮಾಡಿದ್ದು ಆಗಲೇ. 2021ರ ಐಟಿ ನಿಯಮಗಳಲ್ಲಿ ಅದನ್ನು ಬರೆದೂ ಹಾಕಿದರು. 50 ಲಕ್ಷಕ್ಕಿಂತ ಜಾಸ್ತಿ ಬಳಕೆದಾರರಿರುವ ಮೆಸೇಜಿಂಗ್ ಆ್ಯಪ್‌ಗಳು, ಆದೇಶ ಬಂದರೆ, ಮೊದಲು ಕಳಿಸಿದವರನ್ನು ಪತ್ತೆ ಮಾಡಿ ಕೊಡಬೇಕು.

ಕೇಳಲು ಸರಿಯಾಗೇ ಇದೆ. ಆದರೆ ನಾಳೆ ಯಾವ ಸಂದೇಶದ ಬಗ್ಗೆ ಕೇಳುತ್ತಾರೋ ಇವತ್ತು ಯಾರಿಗೂ ಗೊತ್ತಿಲ್ಲ. ಹಾಗಾಗಿ ಎಲ್ಲರ ಎಲ್ಲ ಸಂದೇಶಕ್ಕೂ ಗುರುತು ಹಾಕಿಡಬೇಕಾಗುತ್ತದೆ. ಒಬ್ಬ ಕಿಡಿಗೇಡಿಗಾಗಿ ಅಜ್ಜಿ ಕಳಿಸುವ ಶುಭೋದಯಕ್ಕೂ ಗುರುತು. ಅಷ್ಟು ಮಾಡಿದರೂ ಸಿಗುವವನು ಫೇಸ್‌ಬುಕ್‌ನಲ್ಲಿ ನೋಡಿದ್ದನ್ನು ಕಾಪಿ ಮಾಡಿ ಅಂಟಿಸಿದ ಯಾರೋ ಹುಡುಗ ಇರಬಹುದು. ವಾಟ್ಸ್ಯಾಪ್ ದೆಹಲಿ ಹೈಕೋರ್ಟಿಗೆ ಹೋಯ್ತು. ಎನ್‌ಕ್ರಿಪ್ಷನ್ ಮುರಿಯಿರಿ ಅಂದರೆ ವಾಟ್ಸ್ಯಾಪೇ ಇಲ್ಲಿಂದ ಹೋಗುತ್ತದೆ ಅಂತ 2024ರಲ್ಲಿ ಅದರ ವಕೀಲರು ಹೇಳಿದರು. ಅಂದ ಹಾಗೆ, ಮುರ್ಕಿ ಕೇಸಿನಲ್ಲಿ ಪೊಲೀಸರು ವಾಟ್ಸ್ಯಾಪ್ ಗುಂಪಿನ ಅಡ್ಮಿನ್ ಸೇರಿ ಹಲವರನ್ನು ದಿನಗಳೊಳಗೆ ಹಿಡಿದರು. ಈ ನಿಯಮ ಆಗ ಇರಲೇ ಇಲ್ಲ.

ಒಳ್ಳೆಯವರಿಗೆ ಮಾತ್ರ ತೆರೆಯುವ ಕಳ್ಳಬಾಗಿಲು ಇಡಿ ಅಂದರೆ ಏನಾಗುತ್ತದೆ ಅನ್ನುವುದಕ್ಕೆ ಗ್ರೀಸ್ ದೇಶದ ಕಥೆ ಕೇಳಿ. 2004ರಲ್ಲಿ ಅಥೆನ್ಸ್ ಒಲಿಂಪಿಕ್ಸ್ ನಡೆಯುವ ಹೊತ್ತು. ಅಲ್ಲಿನ ವೊಡಾಫೋನ್ ಕಂಪನಿಯಲ್ಲಿ ಕರೆಗಳನ್ನು ಜೋಡಿಸುವ ಸ್ವಿಚ್‌ಗಳಲ್ಲಿ ಪೊಲೀಸರ ಕದ್ದಾಲಿಕೆಗೆಂದೇ ಬರೆದ ಸಾಫ್ಟ್‌ವೇರ್ ಇತ್ತು. ಕಂಪನಿ ಆ ಸೌಲಭ್ಯವನ್ನು ಪೂರ್ತಿಯಾಗಿ ಕೊಂಡಿರಲೂ ಇಲ್ಲ. ಅಪ್‌ಡೇಟ್ ಜೊತೆ ಬಂದು ಒಳಗೆ ಕೂತಿತ್ತು. ಯಾರೋ ಅದನ್ನು ಗುಟ್ಟಾಗಿ ಎಬ್ಬಿಸಿದರು. ಪ್ರಧಾನಿ ಕೋಸ್ಟಾಸ್ ಕರಮನ್ಲಿಸ್ ಸೇರಿ 100ಕ್ಕೂ ಹೆಚ್ಚು ಜನರ ಫೋನನ್ನು ತಿಂಗಳುಗಟ್ಟಲೆ ಕೇಳಿದರು. ಅಮೆರಿಕದಲ್ಲಿ 2024ರಲ್ಲಿ ಮತ್ತೆ ಹಾಗೇ ಆಯ್ತು. ಚೀನಾದ ನಂಟಿರುವ ಹ್ಯಾಕರ್‌ಗಳು ಎಟಿ ಆ್ಯಂಡ್ ಟಿ, ವೆರಿಝಾನ್‌ನಂಥ ದೊಡ್ಡ ಕಂಪನಿಗಳ ಒಳಗೆ ನುಗ್ಗಿ, ಕೋರ್ಟ್ ಆದೇಶದ ಕದ್ದಾಲಿಕೆಗೆ ಇಟ್ಟಿದ್ದ ವ್ಯವಸ್ಥೆಯವರೆಗೂ ಹೋಗಿದ್ದರು. ಆಮೇಲೆ ಅಲ್ಲಿನ ಅಧಿಕಾರಿಗಳೇ ಎನ್‌ಕ್ರಿಪ್ಷನ್ ಇರುವ ಆ್ಯಪ್ ಬಳಸಿ ಅಂತ ಜನಕ್ಕೆ ಹೇಳಿದರು.

ನಮ್ಮ ಸರ್ಕಾರವೂ 2015ರ ಸೆಪ್ಟೆಂಬರಿನಲ್ಲಿ ಒಂದು ಎನ್‌ಕ್ರಿಪ್ಷನ್ ನೀತಿಯ ಕರಡು ತಂದಿತ್ತು. ಬೀಗ ಹಾಕಿ ಕಳಿಸಿದ ಸಂದೇಶವನ್ನು ಬೀಗವಿಲ್ಲದ ರೂಪದಲ್ಲಿ 90 ದಿನ ನೀವೇ ಇಟ್ಟುಕೊಂಡಿರಬೇಕು, ಕೇಳಿದಾಗ ತೋರಿಸಬೇಕು ಅಂತ ಅದರಲ್ಲಿತ್ತು. ಜನ ನಕ್ಕು ಬೈದು ಎಲ್ಲ ಮಾಡಿದ ಮೇಲೆ ಕೆಲವೇ ದಿನಗಳಲ್ಲಿ ವಾಪಸ್ ತಗೊಂಡರು.

ಬೀಗ ಗಟ್ಟಿಯಿದ್ದರೆ ಮನೆ ಭದ್ರ ಅಂತಲೂ ಹೇಳಲಾಗದು. ಪೆಗಾಸಸ್‌ನಂಥ ಗೂಢಚಾರಿ ತಂತ್ರಾಂಶ ಬೀಗದ ಗೋಜಿಗೇ ಹೋಗುವುದಿಲ್ಲ, ಫೋನಿನೊಳಗೇ ಇಳಿದು ಪರದೆಯನ್ನು ಓದುತ್ತದೆ. ಅದನ್ನು ನಮ್ಮಲ್ಲೂ ಬಳಸಿದ್ದಾರೆ ಅನ್ನುವ ಆರೋಪ ಎದ್ದಾಗ ಸುಪ್ರೀಂ ಕೋರ್ಟು ನೇಮಿಸಿದ, ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಉಸ್ತುವಾರಿಯ ಸಮಿತಿ 29 ಫೋನ್ ಪರೀಕ್ಷೆ ಮಾಡಿತು. 5ರಲ್ಲಿ ಏನೋ ಕೆಟ್ಟ ತಂತ್ರಾಂಶ ಸಿಕ್ಕಿತು, ಪೆಗಾಸಸ್ ಅಂತ ಹೇಳುವಷ್ಟು ಪುರಾವೆ ಸಿಗಲಿಲ್ಲ. ಸರ್ಕಾರ ಸಹಕರಿಸಲಿಲ್ಲ ಅಂತ ಸಮಿತಿ ಹೇಳಿದ್ದನ್ನು ಮುಖ್ಯ ನ್ಯಾಯಮೂರ್ತಿಗಳೇ 2022ರಲ್ಲಿ ಓದಿ ಹೇಳಿದರು. 2021ರಲ್ಲಿ ಹೈದರಾಬಾದ್ ಪೊಲೀಸರು ಇನ್ನೂ ಸುಲಭದ ದಾರಿ ಕಂಡುಕೊಂಡಿದ್ದರು. ಗಾಂಜಾ ಹುಡುಕುವ ನೆಪದಲ್ಲಿ ರಸ್ತೆಯಲ್ಲಿ ಹೋಗುವವರನ್ನು ನಿಲ್ಲಿಸಿ, ಫೋನ್ ತೆಗೆಸಿ, ಚಾಟ್ ನೋಡುತ್ತಿದ್ದರು. ಕೊಡಲ್ಲ ಅಂತ ಎಷ್ಟು ಜನ ಹೇಳಿಯಾರು?

ನನ್ನ ಅಭಿಪ್ರಾಯ ಕೇಳಿದರೆ, ಬೀಗವನ್ನು ಹಾಗೇ ಬಿಡಿ. ಅಪರಾಧಿಯ ಫೋನ್ ಬೇಕಾದರೆ ಆ ಫೋನಿಗೇ ಹೋಗಿ, ಹೋಗುವ ಮುಂಚೆ ಒಬ್ಬ ನ್ಯಾಯಾಧೀಶರ ಎದುರು ಕಾರಣ ಹೇಳಿ. ಬ್ರಿಟನ್ನಿನಲ್ಲಿ 2016ರ ಕಾಯ್ದೆಯಿಂದ ಮಂತ್ರಿಯ ಸಹಿಯ ಜೊತೆ ನ್ಯಾಯಾಂಗದ ಕಮಿಷನರ್ ಒಪ್ಪಿಗೆಯೂ ಬೇಕು. ಅಮೆರಿಕದ ಕೋರ್ಟುಗಳು ಪ್ರತಿವರ್ಷ ಎಷ್ಟು ಕದ್ದಾಲಿಕೆಗೆ ಅನುಮತಿ ಕೊಟ್ಟೆವು ಅಂತ ಲೆಕ್ಕ ಪ್ರಕಟಿಸುತ್ತವೆ. ಜರ್ಮನಿಯಲ್ಲಿ ತನಿಖೆಗೆ ಧಕ್ಕೆಯಿಲ್ಲ ಅಂದಮೇಲೆ, ಯಾರ ಫೋನ್ ಕೇಳಿದರೋ ಅವರಿಗೆ ತಿಳಿಸುವುದು ಸಾಮಾನ್ಯ ನಿಯಮ. ಆ ದೇಶಗಳಲ್ಲೇನೂ ಪೊಲೀಸರು ಕೈಕಟ್ಟಿ ಕೂತಿಲ್ಲ. ನಮ್ಮಲ್ಲಿ 2023ರ ಡೇಟಾ ರಕ್ಷಣಾ ಕಾಯ್ದೆ ಬಂದಾಗ ಈ ಕಡೆ ಒಂದು ಹೆಜ್ಜೆ ಇಡಬಹುದು ಅನ್ನುವ ಆಸೆ ಹಲವರಿಗಿತ್ತು. ಕಂಪನಿಗಳಿಗೆ ಕಡಿವಾಣ ಬಂತು. ಸರ್ಕಾರ ತಾನು ಹೆಸರಿಸುವ ಏಜೆನ್ಸಿಗಳನ್ನು ಕಾಯ್ದೆಯಿಂದಲೇ ಹೊರಗಿಡುವ ಅಧಿಕಾರ ಇಟ್ಟುಕೊಂಡಿತು.

ಕಾನೂನು ಬದಲಾಗುವಾಗ ಆಗಲಿ, ಅಲ್ಲಿಯವರೆಗೆ ಮನೆಯಲ್ಲಿ ಮಾಡಬಹುದಾದ ಒಂದು ಕೆಲಸವಿದೆ. ವಾಟ್ಸ್ಯಾಪ್ ಸಂದೇಶಕ್ಕೆ ಬೀಗವಿದ್ದರೂ ಅದರ ಬ್ಯಾಕಪ್‌ಗೆ ಈ ಬೀಗ ತಾನಾಗಿಯೇ ಬೀಳುವುದಿಲ್ಲ, ನಾವು ಹಾಕಿಕೊಳ್ಳಬೇಕು. ಸೆಟ್ಟಿಂಗ್ಸ್‌ಗೆ ಹೋಗಿ, ಚಾಟ್ಸ್ ಒತ್ತಿ, ಚಾಟ್ ಬ್ಯಾಕಪ್ ತೆರೆದರೆ ಕೆಳಗೆ ಎಂಡ್ ಟು ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್ ಅಂತಿದೆ. ಆನ್ ಮಾಡಿ. ಪಾಸ್‌ವರ್ಡ್ ಕೇಳಿದರೆ ಹಾಕಿ, ಒಂದು ಕಡೆ ಬರೆದಿಟ್ಟುಕೊಳ್ಳಿ. ಮರೆತರೆ ಕಂಪನಿಯವರೂ ತೆಗೆದುಕೊಡುವುದಿಲ್ಲ. ಎಟಿಎಂ ಪಿನ್ ಬರೆದ ಚೀಟಿ ಇಟ್ಟಿದ್ದೀರಲ್ಲ ಫೋನ್ ಕವರಿನ ಹಿಂದೆ, ಅಲ್ಲಿ ಮಾತ್ರ ಬೇಡ.

ನಮಸ್ಕಾರ.